ಪಾಠಶಾಲೆಯಿಂದ ಪಾಠಶಾಲೆಗೆ: ಸುತ್ತೂರು ಪರಿಸರದಲ್ಲಿ ಧಾರ್ಮಿಕ ಉನ್ನತ ವಿದ್ಯೆಯ ಆಯ್ಕೆಗಳು

ಕರ್ನಾಟಕದ ಶೈಕ್ಷಣಿಕ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಸಂಸ್ಥೆಗಳ ಚರಿತ್ರೆಗಳಾಗಿವೆ. ಯಾವ ಪಾಠಶಾಲೆ ಯಾವ ವರ್ಷ ಆರಂಭವಾಯಿತು, ಯಾರು ದತ್ತಿ ಬಿಟ್ಟರು, ಯಾವ ವಿದ್ವಾಂಸರು ಅಲ್ಲಿ ಪಾಠ ಹೇಳಿದರು ಎಂಬ ವಿವರಗಳು ಅವುಗಳಲ್ಲಿ ಸಾಕಷ್ಟು ದೊರೆಯುತ್ತವೆ. ಆದರೆ ಒಂದು ಪಾಠಶಾಲೆಯಲ್ಲಿ ಕೆಲವು ವರ್ಷ ಓದಿ, ಅದನ್ನು ಬಿಟ್ಟು ಮತ್ತೊಂದಕ್ಕೆ ಸೇರಬೇಕಾಗಿ ಬಂದ ವಿದ್ಯಾರ್ಥಿಯ ಕಡೆಗೆ ಗಮನ ಹರಿದುದು ಕಡಿಮೆ. ಧಾರ್ಮಿಕ ವಿದ್ಯೆಯ ಕ್ಷೇತ್ರದಲ್ಲಂತೂ ಇಂತಹ ಸ್ಥಾನಾಂತರವೇ ಸಾಮಾನ್ಯ ನಿಯಮವಾಗಿತ್ತು. ಹಳ್ಳಿಯ ಮಠದಲ್ಲಿ ಅಕ್ಷರಾಭ್ಯಾಸ, ಪಟ್ಟಣದ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳು, ದೂರದ ಕ್ಷೇತ್ರವೊಂದರಲ್ಲಿ ಶಾಸ್ತ್ರ, ಹೀಗೆ ವಿದ್ಯೆ ಹಂತಹಂತವಾಗಿ, ಊರಿಂದೂರಿಗೆ ಸಾಗುತ್ತಿತ್ತು. ಪ್ರತಿಯೊಂದು ಹಂತದಲ್ಲಿಯೂ ವಿದ್ಯಾರ್ಥಿಯ ಮುಂದೆ ಒಂದು ಆಯ್ಕೆಯಿತ್ತು. ಆಯ್ಕೆ ತಪ್ಪಿದರೆ ಓದಿದ ವರ್ಷಗಳು ವ್ಯರ್ಥವಾಗುವ ಅಪಾಯವೂ ಇತ್ತು.

ಮೈಸೂರು ಜಿಲ್ಲೆಯ ಸುತ್ತೂರನ್ನು ಕೇಂದ್ರವಾಗಿಟ್ಟುಕೊಂಡು ಈ ಆಯ್ಕೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಧಾರ್ಮಿಕ ವ್ಯಾಸಂಗದ ವಿದ್ಯಾರ್ಥಿ ಕಾಲೇಜನ್ನು ಆರಿಸುವಾಗ ಪಠ್ಯಕ್ರಮದ ಹೆಚ್ಚುಗಾರಿಕೆ ಮೊದಲ ಪ್ರಶ್ನೆಯಾಗಿರಲಿಲ್ಲ. ಹಿಂದೆ ಓದಿದುದಕ್ಕೆ ಅಲ್ಲಿ ಮನ್ನಣೆ ಉಂಟೇ, ಓದುವಷ್ಟು ಕಾಲ ಅಲ್ಲಿ ಅನ್ನ ಮತ್ತು ವಸತಿ ದೊರೆಯುವುದೇ ಎಂಬ ಎರಡು ಪ್ರಶ್ನೆಗಳೇ ನಿರ್ಣಾಯಕವಾಗಿದ್ದವು ಎಂಬುದು ಇಲ್ಲಿಯ ಪ್ರಮುಖ ವಿಚಾರ. ಸುತ್ತೂರು ಮಠದ ಆಧುನಿಕ ಶೈಕ್ಷಣಿಕ ಕಾರ್ಯ ಈ ಎರಡನೆಯ ಪ್ರಶ್ನೆಗೆ ದೊರೆತ ಉತ್ತರವಾಗಿ ಆರಂಭವಾಯಿತೆಂಬುದನ್ನು ತೋರಿಸಲು ಇಲ್ಲಿ ಯತ್ನಿಸಲಾಗಿದೆ.

೧. ನೆಲೆ ಮತ್ತು ಪರಂಪರೆ

ಸುತ್ತೂರು ನಂಜನಗೂಡು ತಾಲ್ಲೂಕಿನಲ್ಲಿ ಕಪಿಲಾ ನದಿಯ ದಡದಲ್ಲಿರುವ ಪ್ರಾಚೀನ ಗ್ರಾಮ. ನಂಜನಗೂಡಿನ ಶ್ರೀಕಂಠೇಶ್ವರ ಕ್ಷೇತ್ರ ಮತ್ತು ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ, ಇವೆರಡರ ನಡುವಣ ನದೀಪ್ರದೇಶದಲ್ಲಿ ಈ ಊರು ನೆಲೆಸಿದೆ. ಇಲ್ಲಿಯ ವೀರಸಿಂಹಾಸನ ಮಠದ ಮೂಲಪುರುಷರು ಆದಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳು. ಚೋಳ ಮತ್ತು ಗಂಗ ಅರಸರ ನಡುವಣ ಯುದ್ಧವನ್ನು ತಪ್ಪಿಸಿ ಅವರಲ್ಲಿ ಸಾಮರಸ್ಯ ಮೂಡಿಸಿದ ಈ ಶಿವಯೋಗಿಗಳು ಅರಸರ ಪ್ರಾರ್ಥನೆಯಂತೆ ಸುತ್ತೂರಿನಲ್ಲಿ ನೆಲೆಸಿದರೆಂಬುದು ಮಠದ ಐತಿಹ್ಯ. ಐತಿಹ್ಯದ ಪ್ರತಿಯೊಂದು ವಿವರವನ್ನೂ ಶಾಸನಗಳಿಂದ ಸಮರ್ಥಿಸಬೇಕೆಂಬ ನಿರ್ಬಂಧ ಇಲ್ಲಿಲ್ಲ. ದಾರಿಹೋಕರಿಗೂ ಯಾತ್ರಿಕರಿಗೂ ಅನ್ನವನ್ನೂ ಆಶ್ರಯವನ್ನೂ ನೀಡುವ ದಾಸೋಹದ ನೆಲೆಯಾಗಿ ಈ ಮಠ ಬೆಳೆದು ಬಂದಿತೆಂಬುದು ನಮ್ಮ ವಿಷಯಕ್ಕೆ ಮುಖ್ಯ.

ಮಠದ ವಿದ್ಯೆಯೆಂದರೆ ಆ ಕಾಲದಲ್ಲಿ ಗುರುಮುಖವಾಗಿ ಕಲಿಯುವ ವಿದ್ಯೆ. ಲಿಂಗಪೂಜಾ ವಿಧಾನ, ವಚನಗಳ ಪಠನ, ಕನ್ನಡ ಪುರಾಣಗಳ ವಾಚನ, ಸಂಸ್ಕೃತದ ಶಬ್ದರೂಪಗಳು, ಅಮರಕೋಶ ಇವು ಪಾಠದ ವಸ್ತುಗಳು. ಅದಕ್ಕೆ ವರ್ಷಗಳ ಲೆಕ್ಕವಿರಲಿಲ್ಲ, ತರಗತಿಯಿರಲಿಲ್ಲ, ಪ್ರಮಾಣಪತ್ರವಂತೂ ಇರಲಿಲ್ಲ. ಶಿಷ್ಯನೊಬ್ಬ ಎಷ್ಟು ಕಲಿತಿದ್ದಾನೆಂಬುದಕ್ಕೆ ಗುರುವಿನ ಮಾತೇ ಪ್ರಮಾಣ. ಒಂದು ಮಠದಿಂದ ಮತ್ತೊಂದು ಮಠಕ್ಕೆ ಹೋಗುವ ವಟುವಿಗೆ ಗುರುವಿನ ಒಂದು ಪತ್ರವೋ ಹೇಳಿಕೆಯೋ ಸಾಕಾಗುತ್ತಿತ್ತು. ಹೊಸ ಗುರು ಅವನಿಂದ ನಾಲ್ಕು ಶ್ಲೋಕ ಹೇಳಿಸಿ, ಅನ್ವಯ ಕೇಳಿ, ಪಾಠ ಎಲ್ಲಿಂದ ಮುಂದುವರಿಯಬೇಕೆಂದು ನಿರ್ಧರಿಸುತ್ತಿದ್ದ. ವಿದ್ಯಾರ್ಥಿಯ ಸ್ಥಾನಾಂತರ ಒಂದು ಸಮಸ್ಯೆಯಾಗಿ ರೂಪುಗೊಂಡುದು ಸರ್ಕಾರಿ ಪರೀಕ್ಷೆಗಳು ಬಂದ ಮೇಲೆ.

೨. ಮೈಸೂರಿನ ಸಂಸ್ಕೃತ ಪಾಠಶಾಲೆ ಮತ್ತು ಪರೀಕ್ಷೆಗಳ ಏಣಿ

ಮೈಸೂರು ನಗರದಲ್ಲಿ ಸಂಸ್ಕೃತ ಪಾಠಶಾಲೆ 1876ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಸ್ಥಾಪನೆಗೊಂಡಿತು. ಮುಂದೆ ಮಹಾರಾಜ ಸಂಸ್ಕೃತ ಮಹಾಪಾಠಶಾಲೆಯೆಂದು ಪ್ರಸಿದ್ಧವಾದ ಈ ಸಂಸ್ಥೆಯಲ್ಲಿ ವೇದ, ವ್ಯಾಕರಣ, ತರ್ಕ, ಅಲಂಕಾರ, ಜ್ಯೋತಿಷ, ಆಗಮ ಮತ್ತು ವೇದಾಂತದ ಬೇರೆಬೇರೆ ಪ್ರಸ್ಥಾನಗಳ ಪಾಠಗಳು ನಡೆಯುತ್ತ ಬಂದಿವೆ. ಪ್ರಥಮ, ಕಾವ್ಯ, ಸಾಹಿತ್ಯ, ಅನಂತರ ವಿದ್ವತ್ತಿನ ಹಂತಗಳು, ಹೀಗೆ ಮೈಸೂರು ಪ್ರಾಂತದ ಸಂಸ್ಕೃತ ಶಿಕ್ಷಣ ಒಂದು ಏಣಿಯ ರೂಪ ಪಡೆಯಿತು. ಏಣಿಯ ಗುಣವೆಂದರೆ ಯಾವ ಮೆಟ್ಟಿಲಲ್ಲಿ ನಿಂತಿದ್ದೇನೆಂಬುದು ಸ್ಪಷ್ಟವಾಗಿರುವುದು. ದೋಷವೆಂದರೆ ನಡುವಿನ ಮೆಟ್ಟಿಲನ್ನು ಹೊರಗಿನಿಂದ ಬಂದು ಹತ್ತಲು ಆಗದಿರುವುದು. ಮಠದಲ್ಲಿ ಆರೇಳು ವರ್ಷ ಓದಿದ ವಟುವೂ ಇಲ್ಲಿಗೆ ಬಂದಾಗ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬೇಕಾಗಬಹುದಿತ್ತು. ಅವನಿಗೆ ತಿಳಿದಿದ್ದ ವಚನ, ಪುರಾಣ, ಷಟ್‌ಸ್ಥಲ ಪ್ರಕ್ರಿಯೆಗಳು ಪರೀಕ್ಷೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ರಘುವಂಶದ ಶ್ಲೋಕಕ್ಕೆ ಅನ್ವಯ ಹೇಳಬಲ್ಲನೇ, ವ್ಯಾಕರಣದ ಸೂತ್ರಗಳು ಬಾಯಿಗೆ ಬರುತ್ತವೆಯೇ ಎಂಬುದು ಮಾತ್ರ ಲೆಕ್ಕಕ್ಕೆ ಬರುತ್ತಿತ್ತು.

ಸುತ್ತೂರಿನ ಕಡೆಯ ವಿದ್ಯಾರ್ಥಿಗೆ ಮೈಸೂರು ಅತ್ಯಂತ ಸಮೀಪದ ಉನ್ನತ ವಿದ್ಯಾಕೇಂದ್ರ. ಆದರೆ ಅವನು ಅಲ್ಲಿ ಏನನ್ನು ಓದಬೇಕೆಂಬುದು ಸರಳ ಪ್ರಶ್ನೆಯಾಗಿರಲಿಲ್ಲ. ಅದ್ವೈತ, ವಿಶಿಷ್ಟಾದ್ವೈತ, ದ್ವೈತ ವೇದಾಂತಗಳಿಗೆ ಮೈಸೂರಿನಲ್ಲಿ ದೀರ್ಘಕಾಲದ ಅಧ್ಯಾಪನ ಪರಂಪರೆಯೂ ಪಾಠದ ಗ್ರಂಥಗಳೂ ಇದ್ದವು. ವೀರಶೈವರ ಶಕ್ತಿವಿಶಿಷ್ಟಾದ್ವೈತಕ್ಕೆ ಆಧಾರವಾದ ಗ್ರಂಥಗಳು ಶಾಸ್ತ್ರೀಯವಾಗಿ ಸಂಪಾದಿತವಾಗಿ ಸುಲಭವಾಗಿ ದೊರೆಯುವಂತಾದುದು ತಡವಾಗಿ. ಶ್ರೀಪತಿ ಪಂಡಿತರ ಶ್ರೀಕರಭಾಷ್ಯವನ್ನು ಸಿ. ಹಯವದನರಾಯರು ಸಂಪಾದಿಸಿ ಬೆಂಗಳೂರಿನಿಂದ ಎರಡು ಸಂಪುಟಗಳಲ್ಲಿ ಪ್ರಕಟಿಸಿದುದು 1936ರಲ್ಲಿ. ಮೈಸೂರಿನ ಪಂಡಿತ ಕಾಶೀನಾಥಶಾಸ್ತ್ರಿಗಳು ಪಂಚಾಚಾರ್ಯ ಮುದ್ರಣಾಲಯದ ಮೂಲಕ ವೀರಶೈವ ಆಗಮಗಳನ್ನೂ ಸಿದ್ಧಾಂತ ಗ್ರಂಥಗಳನ್ನೂ ಕನ್ನಡ ವಿವರಣೆಗಳೊಡನೆ ಹೊರತಂದುದು ಇದೇ ಕಾಲಘಟ್ಟದ ಮಹತ್ತ್ವದ ಕಾರ್ಯ. ಮುದ್ರಿತ ಗ್ರಂಥವಿಲ್ಲದೆ ಪಠ್ಯವಿಲ್ಲ, ಪಠ್ಯವಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಮನ್ನಣೆಯಿಲ್ಲ. ಆದುದರಿಂದ ಸ್ವಮತದ ಶಾಸ್ತ್ರವನ್ನೇ ಓದಬೇಕೆಂದು ಬಯಸಿದ ವಿದ್ಯಾರ್ಥಿ ವ್ಯಾಕರಣವನ್ನೋ ತರ್ಕವನ್ನೋ ಆರಿಸಿಕೊಂಡು, ಸ್ವಸಿದ್ಧಾಂತವನ್ನು ಪಾಠಶಾಲೆಯ ಹೊರಗೆ ಗುರುಗಳಿಂದ ಕಲಿಯುವುದು ಅನಿವಾರ್ಯವಾಗಬಹುದಿತ್ತು.

೩. ಕಾಶಿಯ ದಾರಿ

ಮೈಸೂರಿನಲ್ಲಿ ಕೆಲವು ವರ್ಷ ಓದಿದ ಮೇಲೆ ಶಾಸ್ತ್ರದಲ್ಲಿ ಪ್ರೌಢಿಮೆ ಬೇಕೆನಿಸಿದವರಿಗೆ ಕಾಶಿಯ ದಾರಿ ತೆರೆದಿತ್ತು. ಅಲ್ಲಿಯ ಸರ್ಕಾರಿ ಸಂಸ್ಕೃತ ಕಾಲೇಜು 1791ರಲ್ಲಿ ಜೊನಾಥನ್ ಡಂಕನ್ನನ ಪ್ರಯತ್ನದಿಂದ ಆರಂಭವಾದುದು. ಪ್ರಥಮಾ, ಮಧ್ಯಮಾ, ಶಾಸ್ತ್ರೀ, ಆಚಾರ್ಯ ಎಂಬ ಅದರ ಪರೀಕ್ಷಾಕ್ರಮ ಉತ್ತರ ಭಾರತದಾದ್ಯಂತ ಪ್ರಮಾಣವೆನಿಸಿತ್ತು. 1923ರಿಂದ 1937ರವರೆಗೆ ಮಹಾಮಹೋಪಾಧ್ಯಾಯ ಗೋಪೀನಾಥ ಕವಿರಾಜರು ಇದರ ಪ್ರಾಂಶುಪಾಲರಾಗಿದ್ದರು. ಶೈವ ಮತ್ತು ಶಾಕ್ತ ತಂತ್ರಗಳ ಅಧ್ಯಯನಕ್ಕೆ ಅವರು ತಂದ ಗೌರವ ಸಾಮಾನ್ಯವಾದುದಲ್ಲ. ಅದೇ ನಗರದಲ್ಲಿ 1916ರಲ್ಲಿ ಸ್ಥಾಪನೆಯಾದ ಹಿಂದೂ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಮೈಸೂರು ವಿಶ್ವವಿದ್ಯಾಲಯವೂ ಸ್ಥಾಪನೆಯಾದುದು ಅದೇ ವರ್ಷ. ಅದರ ಪ್ರಥಮ ಕುಲಾಧಿಪತಿಗಳೂ ಅವರೇ. ಕಾಶಿ ಮತ್ತು ಮೈಸೂರುಗಳ ನಡುವೆ ವಿದ್ಯಾಸಂಬಂಧ ಗಟ್ಟಿಯಾಗಿದ್ದ ಕಾಲವದು.

ಕಾಶಿಯ ಆಯ್ಕೆಗೆ ಕಾಲೇಜಿನಷ್ಟೇ ಮುಖ್ಯವಾದ ಮತ್ತೊಂದು ಕಾರಣವಿತ್ತು. ಅದು ಜಂಗಮವಾಡಿ ಮಠ. ಮೊಗಲರ ಕಾಲದ ದತ್ತಿಯ ದಾಖಲೆಗಳನ್ನು ಉಳಿಸಿಕೊಂಡು ಬಂದಿರುವ ಈ ವೀರಶೈವ ಮಠ ಕನ್ನಡ, ಮರಾಠಿ, ತೆಲುಗು ಪ್ರದೇಶಗಳಿಂದ ಬರುವ ವಿದ್ಯಾರ್ಥಿಗಳಿಗೆ ಆಶ್ರಯಸ್ಥಾನವಾಗಿತ್ತು. ದಕ್ಷಿಣದಿಂದ ಹೋದ ವಟುವಿಗೆ ಅಲ್ಲಿ ತನ್ನ ಭಾಷೆ ಕಿವಿಗೆ ಬೀಳುತ್ತಿತ್ತು, ತನ್ನ ಪೂಜಾಕ್ರಮ ತಪ್ಪುತ್ತಿರಲಿಲ್ಲ, ತನ್ನ ಆಚಾರಕ್ಕೆ ಒಪ್ಪುವ ಊಟ ದೊರೆಯುತ್ತಿತ್ತು. ಈ ಮಠವಿಲ್ಲದಿದ್ದರೆ ಕಾಶಿಯ ಕಾಲೇಜು ಎಷ್ಟೇ ಪ್ರಸಿದ್ಧವಾಗಿದ್ದರೂ ಬಡ ವಿದ್ಯಾರ್ಥಿಗೆ ಅದು ಕೇವಲ ಹೆಸರಾಗಿ ಉಳಿಯುತ್ತಿತ್ತು.

ಆದರೂ ತೊಡಕುಗಳಿದ್ದವು. ಮೈಸೂರು ಸೀಮೆಯ ವಿದ್ಯಾರ್ಥಿ ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಕಲಿತಿದ್ದ. ಹಳೆಯ ಓಲೆಗಳು ಕನ್ನಡ, ತೆಲುಗು ಅಥವಾ ಗ್ರಂಥಾಕ್ಷರಗಳಲ್ಲಿರುತ್ತಿದ್ದವು. ಕಾಶಿಯಲ್ಲಿ ಓದೂ ಬರಹವೂ ನಾಗರಿಯಲ್ಲಿ. ಬೀದಿಯ ಭಾಷೆ ಹಿಂದಿ. ಪರೀಕ್ಷೆಗಳ ಹೆಸರುಗಳೂ ಬೇರೆ, ನಿಗದಿಯಾದ ಗ್ರಂಥಭಾಗಗಳೂ ಬೇರೆ. ಮೈಸೂರಿನ ‘ಸಾಹಿತ್ಯ’ ಕಾಶಿಯ ಯಾವ ಮೆಟ್ಟಿಲಿಗೆ ಸಮ ಎಂಬುದು ಆಯಾ ಸಂಸ್ಥೆಯ ತೀರ್ಮಾನಕ್ಕೆ ಬಿಟ್ಟ ವಿಷಯ. ಹಿಂತಿರುಗಿ ಬಂದ ಮೇಲೆ ಅದೇ ಪ್ರಶ್ನೆ ತಿರುಗುಮುರುಗಾಗಿ ಎದುರಾಗುತ್ತಿತ್ತು: ಕಾಶಿಯ ‘ಶಾಸ್ತ್ರೀ’ ಮೈಸೂರಿನ ಶಾಲೆಯ ಪಂಡಿತ ಹುದ್ದೆಗೆ ಸಾಕೇ, ಅಥವಾ ಇಲ್ಲಿಯ ವಿದ್ವತ್ ಪರೀಕ್ಷೆಗೆ ಮತ್ತೆ ಕುಳಿತುಕೊಳ್ಳಬೇಕೇ? ಮಠದ ಪೀಠಕ್ಕೆ ಹಿಂತಿರುಗುವವರಿಗೆ ಈ ಪ್ರಶ್ನೆ ಅಷ್ಟಾಗಿ ಬಾಧಿಸುತ್ತಿರಲಿಲ್ಲ. ವಿದ್ಯೆಯಿಂದಲೇ ಜೀವನೋಪಾಯ ನಡೆಯಬೇಕಾದವರಿಗೆ ಅದು ಬದುಕಿನ ಪ್ರಶ್ನೆಯಾಗಿತ್ತು.

೪. ಶಿವಯೋಗಮಂದಿರ: ಪರೀಕ್ಷೆಯ ಹೊರಗಿನ ವಿದ್ಯೆ

ಮೈಸೂರು ಮತ್ತು ಕಾಶಿ ಎರಡೂ ಪರೀಕ್ಷೆಯ ದಾರಿಗಳು. ಅವೆರಡಕ್ಕೂ ಭಿನ್ನವಾದ ಮೂರನೆಯ ದಾರಿ 1909ರಲ್ಲಿ ತೆರೆಯಿತು. ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಡದಲ್ಲಿ ಸ್ಥಾಪಿಸಿದ ಶಿವಯೋಗಮಂದಿರ ಮಠಗಳಿಗೆ ಯೋಗ್ಯ ಅಧಿಪತಿಗಳನ್ನು ಸಿದ್ಧಗೊಳಿಸುವ ಉದ್ದೇಶದಿಂದಲೇ ಹುಟ್ಟಿದ ಸಂಸ್ಥೆ. ಸಂಸ್ಕೃತ, ವಚನಸಾಹಿತ್ಯ, ಯೋಗ, ಪೂಜಾನುಷ್ಠಾನ, ಸಂಗೀತ ಇವೆಲ್ಲ ಅಲ್ಲಿಯ ದಿನಚರಿಯ ಅಂಗಗಳಾಗಿದ್ದವು. ಅಲ್ಲಿ ವಟುವಿನ ಹಿಂದಿನ ಓದನ್ನು ಅಳೆಯುವ ಕ್ರಮ ಹಳೆಯ ಗುರುಕುಲದ್ದೇ. ಎಷ್ಟು ವರ್ಷ ಓದಿದ್ದಾನೆಂಬುದಕ್ಕಿಂತ ಯಾವ ಸಂಸ್ಕಾರ ಪಡೆದಿದ್ದಾನೆಂಬುದೇ ಮುಖ್ಯ.

ಸುತ್ತೂರು ಕಡೆಯವರಿಗೆ ಈ ದಾರಿಯ ಅನುಕೂಲ ಸ್ಪಷ್ಟ. ಸ್ವಮತದ ವಿದ್ಯೆ ಇಲ್ಲಿ ಪಠ್ಯದ ಅಂಚಿನಲ್ಲಿರದೆ ಕೇಂದ್ರದಲ್ಲಿತ್ತು. ವಸತಿಯೂ ಊಟವೂ ವಿದ್ಯೆಯೊಂದಿಗೆ ಕೂಡಿಯೇ ಬರುತ್ತಿದ್ದವು. ಮಿತಿಯೂ ಅಷ್ಟೇ ಸ್ಪಷ್ಟ. ಬಾದಾಮಿ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೈಸೂರು ಸಂಸ್ಥಾನದ ಪರೀಕ್ಷಾ ವ್ಯವಸ್ಥೆಗೂ ಅದಕ್ಕೂ ಸಂಬಂಧವಿರಲಿಲ್ಲ. ಮಠಕ್ಕೆ ಹಿಂತಿರುಗಲು ನಿಶ್ಚಯಿಸಿದ ವಟುವಿಗೆ ಅದು ಉತ್ತಮ ಆಯ್ಕೆ. ಮುಂದೆ ಶಾಲೆಯಲ್ಲಿ ಪಾಠ ಹೇಳಬೇಕೆಂದೋ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದೋ ಯೋಚಿಸುವವನಿಗೆ ಅಲ್ಲಿಂದ ಹೊರಡುವಾಗ ಕೈಯಲ್ಲಿ ಕಾಗದವಿರುತ್ತಿರಲಿಲ್ಲ. ಹನ್ನೆರಡು, ಹದಿಮೂರರ ವಯಸ್ಸಿನಲ್ಲಿಯೇ ಬಾಲಕನ ಇಡೀ ಭವಿಷ್ಯವನ್ನು ಹಿರಿಯರು ನಿರ್ಧರಿಸಿಬಿಡಬೇಕಾಗಿದ್ದುದು ಈ ಆಯ್ಕೆಯ ಗಂಭೀರತೆಗೆ ಸಾಕ್ಷಿ.

೫. ಅನ್ನ ಮತ್ತು ಆಶ್ರಯ: 1941ರ ವಿದ್ಯಾರ್ಥಿನಿಲಯ

ಮೂರು ದಾರಿಗಳಲ್ಲಿ ಕಾಶಿಗೂ ಶಿವಯೋಗಮಂದಿರಕ್ಕೂ ಮಠದ ಅನ್ನವಿತ್ತು. ಮನೆಗೆ ಹತ್ತಿರವಾದ ಮೈಸೂರಿನಲ್ಲಿಯೇ ಅದರ ಕೊರತೆ ತೀವ್ರವಾಗಿತ್ತೆಂಬುದು ಗಮನಾರ್ಹ. ಹಳೆಯ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳು ಓದಿದ್ದು ಬಹುಮಟ್ಟಿಗೆ ವಾರಾನ್ನದ ಆಧಾರದಿಂದ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಈ ಪದ್ಧತಿ ಅನೇಕ ವಿದ್ವಾಂಸರ ಬಾಲ್ಯವನ್ನು ಸಲಹಿದೆ. ಆದರೆ ಅದು ಜಾತಿಯ ಗೆರೆಯೊಳಗೆ ನಡೆಯುವ ವ್ಯವಸ್ಥೆ. ಅಗ್ರಹಾರಗಳ ಬೀದಿಯಲ್ಲಿ ಬ್ರಾಹ್ಮಣ ಬಾಲಕನಿಗೆ ದೊರೆಯುತ್ತಿದ್ದ ವಾರಾನ್ನ ನಂಜನಗೂಡು, ನರಸೀಪುರ, ಚಾಮರಾಜನಗರಗಳ ಹಳ್ಳಿಗಳಿಂದ ಬಂದ ವೀರಶೈವ, ಒಕ್ಕಲಿಗ ಹಾಗೂ ಇತರ ಸಮುದಾಯಗಳ ಬಾಲಕರಿಗೆ ದೊರೆಯುವಂತಿರಲಿಲ್ಲ. ಅವರ ಜಾತಿಯ ಅನುಕೂಲಸ್ಥ ಮನೆಗಳು ನಗರದಲ್ಲಿ ಕಡಿಮೆ. ಪಾಠಶಾಲೆಯ ಬಾಗಿಲು ತೆರೆದಿದ್ದರೂ ಊಟದ ಮನೆಯ ಬಾಗಿಲು ಮುಚ್ಚಿದ್ದರೆ ವಿದ್ಯಾರ್ಥಿ ಊರಿಗೆ ಹಿಂತಿರುಗಲೇಬೇಕು. ನಡುವೆ ಓದು ನಿಂತವರ ಲೆಕ್ಕ ಯಾವ ಪಾಠಶಾಲೆಯ ದಾಖಲೆಯಲ್ಲಿಯೂ ಕಾರಣಸಹಿತವಾಗಿ ಸಿಗುವಂಥದಲ್ಲ.

ಈ ಕೊರತೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಸಮಾಜದ ಹಿರಿಯರು ಗುರುತಿಸಿದ್ದರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಸ್ಥಾಪನೆಗೊಂಡಿತು. ಮೈಸೂರಿನಲ್ಲಿಯೂ ಲಿಂಗಾಯತ ವಿದ್ಯಾನಿಧಿಯ ಪ್ರಯತ್ನಗಳು ಅದೇ ದಶಕದಲ್ಲಿ ನಡೆದವು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಶಿಫಾರಸುಗಳು ಹಿಂದುಳಿದ ಸಮುದಾಯಗಳ ಶಿಕ್ಷಣವನ್ನು ಸಂಸ್ಥಾನದ ನೀತಿಯ ವಿಷಯವನ್ನಾಗಿ ಮಾಡಿದವು. ಆದರೆ ಈ ಚರ್ಚೆಗಳ ಗುರಿ ಹೆಚ್ಚಾಗಿ ಇಂಗ್ಲಿಷ್ ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳು. ಸಂಸ್ಕೃತ ಪಾಠಶಾಲೆಯ ವಟುವಿನ ಊಟ ಇವುಗಳ ಅಂಚಿನಲ್ಲಿ ಉಳಿದ ವಿಷಯ.

ಸುತ್ತೂರು ಪೀಠದ ಇಪ್ಪತ್ತಮೂರನೆಯ ಜಗದ್ಗುರುಗಳಾದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳ ಜೀವನ ಈ ಹಿನ್ನೆಲೆಯಲ್ಲಿ ವಿಶೇಷ ಅರ್ಥ ಪಡೆಯುತ್ತದೆ. 1916ರಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ಪೀಠದ ಹೊಣೆಗೆ ಬಂದ ಅವರು ಮೊದಲು ಮೈಸೂರಿನಲ್ಲಿ ಸಂಸ್ಕೃತ ವ್ಯಾಸಂಗ ಮಾಡಿ, ಅನಂತರ ಉನ್ನತ ಅಧ್ಯಯನಕ್ಕಾಗಿ ಕಾಶಿಗೆ ತೆರಳಿದರು. ಒಂದು ವಿದ್ಯಾಕೇಂದ್ರದಿಂದ ಮತ್ತೊಂದಕ್ಕೆ ನಡೆಯುವ ಮೇಲೆ ವಿವರಿಸಿದ ದಾರಿಯನ್ನು ಅವರು ಸ್ವತಃ ತುಳಿದಿದ್ದರು. ಪೀಠಾಧಿಪತಿಯಾಗಿದ್ದ ಅವರಿಗೆ ಮಠದ ಬೆಂಬಲವಿತ್ತು. ಅದೇ ದಾರಿಯಲ್ಲಿ ಬೆಂಬಲವಿಲ್ಲದೆ ನಡೆಯುವವರ ಕಷ್ಟ ಅವರಿಗೆ ಹತ್ತಿರದಿಂದ ಕಂಡಿತ್ತೆಂದು ಭಾವಿಸಲು ಅವಕಾಶವಿದೆ. ಏಕೆಂದರೆ ಅವರ ಮೊದಲ ದೊಡ್ಡ ಶೈಕ್ಷಣಿಕ ಕಾರ್ಯ ಕಾಲೇಜಾಗಿರಲಿಲ್ಲ, ವಿದ್ಯಾರ್ಥಿನಿಲಯವಾಗಿತ್ತು. 1941ರಲ್ಲಿ ಮೈಸೂರಿನಲ್ಲಿ ಅವರು ಆರಂಭಿಸಿದ ಉಚಿತ ವಿದ್ಯಾರ್ಥಿನಿಲಯ ಹಳ್ಳಿಗಳಿಂದ ಬಂದ ಬಡ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯನ್ನು ಒದಗಿಸಿತು. ಎರಡನೆಯ ಮಹಾಯುದ್ಧದ ಕಾಲದ ಧಾನ್ಯದ ಅಭಾವದಲ್ಲಿಯೂ ಈ ದಾಸೋಹ ನಿಲ್ಲದಂತೆ ನೋಡಿಕೊಳ್ಳಲು ಅವರು ಮಠದ ಬಂಗಾರವನ್ನು ಮಾರಿದರೆಂಬ ಸಂಗತಿ ಮಠದ ಭಕ್ತರಲ್ಲಿ ಇಂದಿಗೂ ಹೇಳಿಕೊಳ್ಳಲ್ಪಡುತ್ತದೆ.

ಇದರ ಚಾರಿತ್ರಿಕ ಮಹತ್ತ್ವವನ್ನು ಹೀಗೆ ಗುರುತಿಸಬಹುದು. ಮಠ ಹೊಸ ಪಾಠಶಾಲೆಯೊಂದನ್ನು ಕಟ್ಟಿ ತನ್ನದೇ ಪರೀಕ್ಷೆಗಳನ್ನು ಏರ್ಪಡಿಸಿದ್ದರೆ ವಿದ್ಯಾರ್ಥಿಯ ಆಯ್ಕೆಗಳ ಪಟ್ಟಿಗೆ ಮತ್ತೊಂದು ಹೆಸರು ಸೇರುತ್ತಿತ್ತು, ಅಷ್ಟೆ. ವಿದ್ಯಾರ್ಥಿನಿಲಯದಿಂದ ಆದುದು ಬೇರೆ. ನಗರದಲ್ಲಿ ಈಗಾಗಲೇ ಇದ್ದ ಸಂಸ್ಥೆಗಳಲ್ಲಿ ಯಾವುದನ್ನಾದರೂ ಆರಿಸುವ ಸ್ವಾತಂತ್ರ್ಯ ಅವನಿಗೆ ದೊರೆಯಿತು. ಸಂಸ್ಕೃತ ಪಾಠಶಾಲೆಯಲ್ಲಿ ಓದು ಸಾಗದಿದ್ದರೆ ಪ್ರೌಢಶಾಲೆಗೆ, ಅಲ್ಲಿಂದ ಮಹಾರಾಜ ಕಾಲೇಜಿಗೆ ಬದಲಾಯಿಸಿಕೊಂಡರೂ ಉಣ್ಣುವ ಜಾಗ ಬದಲಾಗಬೇಕಾಗಿರಲಿಲ್ಲ. ಅನ್ನವನ್ನು ಕಾಲೇಜಿನಿಂದ ಬೇರ್ಪಡಿಸಿದುದೇ ಈ ಕಾರ್ಯದ ವಿಶೇಷ. 1954ರಲ್ಲಿ ಸ್ಥಾಪನೆಗೊಂಡ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠದ ಬೇರು ಈ ವಿದ್ಯಾರ್ಥಿನಿಲಯದಲ್ಲಿದೆ.

೬. ವಿಶ್ವವಿದ್ಯಾಲಯದ ಕಡೆಗೆ

ಪಾಠಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ದಾಟಿದವರ ನಿದರ್ಶನಗಳು ಮೈಸೂರಿನಲ್ಲಿ ಹಿಂದಿನಿಂದಲೂ ಇವೆ. ಕಾವೇರೀ ತೀರದ ರುದ್ರಪಟ್ಟಣದಲ್ಲಿ ಜನಿಸಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪಡೆದು, 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಗಳಿಸಿದರು. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿ ಜಗತ್ತಿಗೆ ಪರಿಚಯಿಸಿದುದು ಎರಡೂ ಪದ್ಧತಿಗಳನ್ನು ಬಲ್ಲ ಈ ವಿದ್ವಾಂಸರಿಂದ ಸಾಧ್ಯವಾಯಿತು. ಓಲೆಯನ್ನು ಓದುವ ಶಕ್ತಿ ಪಾಠಶಾಲೆಯ ಕೊಡುಗೆ. ಅದನ್ನು ಹೊರಜಗತ್ತಿನ ಮುಂದಿಡುವ ಕ್ರಮ ವಿಶ್ವವಿದ್ಯಾಲಯದ್ದು. ಆದರೆ ಅವರಂಥವರು ಒಂದು ಪದವಿಯನ್ನು ಇನ್ನೊಂದಕ್ಕೆ ಲೆಕ್ಕ ಹಿಡಿಸಿದವರಲ್ಲ. ಎರಡು ಏಣಿಗಳನ್ನೂ ಬುಡದಿಂದ ಹತ್ತಿದವರು. ಅಷ್ಟು ಶಕ್ತಿಯೂ ಅವಕಾಶವೂ ಎಲ್ಲರಿಗೂ ಇರುವುದಿಲ್ಲ.

ವೀರಶೈವ ಅಧ್ಯಯನದಲ್ಲಿ ಇದೇ ಬಗೆಯ ದಾಟುವಿಕೆಯನ್ನು ಉತ್ತರ ಕರ್ನಾಟಕದ ವಿದ್ವಾಂಸರಲ್ಲಿ ಕಾಣಬಹುದು. ಡಾ. ಶಿ.ಚೆ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದರು. ವೀರಶೈವವನ್ನು ಕುರಿತ ಅವರ ಇಂಗ್ಲಿಷ್ ಕೈಪಿಡಿ 1942ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಕೇಂಬ್ರಿಜ್‌ನಲ್ಲಿ ಓದಿದ ಎಂ.ಆರ್. ಸಾಖರೆಯವರು ಲಿಂಗಧಾರಣ ಚಂದ್ರಿಕೆಯನ್ನು ವಿಸ್ತಾರವಾದ ಪೀಠಿಕೆಯೊಡನೆ ಸಂಪಾದಿಸಿ ಹೊರತಂದುದೂ ಅದೇ ವರ್ಷ. ಮತವನ್ನು ಒಳಗಿನಿಂದ ಆಚರಿಸುವ ವಿದ್ಯೆ, ಮತವನ್ನು ಹೊರಗಿನಿಂದಲೂ ಪರಿಶೀಲಿಸುವ ವಿದ್ಯೆ ಎಂಬ ಎರಡು ಕವಲುಗಳು ಇಲ್ಲಿ ಸ್ಪಷ್ಟವಾಗಿ ಬೇರ್ಪಟ್ಟವು. ಸ್ವತಂತ್ರ ಭಾರತದ ಸಂವಿಧಾನದ 28ನೆಯ ಅನುಚ್ಛೇದ, ಸಂಪೂರ್ಣವಾಗಿ ರಾಜ್ಯದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಇರಕೂಡದೆಂದು ವಿಧಿಸಿದ ಮೇಲೆ ಈ ಭೇದ ಇನ್ನಷ್ಟು ಮುಖ್ಯವಾಯಿತು. ಧರ್ಮಗಳ ಶಾಸ್ತ್ರೀಯ ಅಧ್ಯಯನಕ್ಕೆ ಮಾತ್ರ ವಿಶ್ವವಿದ್ಯಾಲಯಗಳಲ್ಲಿ ಸ್ಥಾನ ಉಳಿಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಆರಂಭವಾದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ, ಅನಂತರದ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಇದಕ್ಕೆ ನಿದರ್ಶನಗಳು.

ಮಠದ ವಟುಗಳ ಈ ದಾರಿಗಳೆಲ್ಲ ಬಹುಕಾಲ ಗಂಡುಮಕ್ಕಳಿಗೆ ಮಾತ್ರ ತೆರೆದಿದ್ದವೆಂಬುದನ್ನೂ ಇಲ್ಲಿ ಹೇಳಬೇಕು. ವಿಜ್ಞಾನದ ಪದವೀಧರೆಯಾಗಿ, ಮುಂದೆ ತತ್ತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದ ಮಾತೆ ಮಹಾದೇವಿಯವರು 1970ರಲ್ಲಿ ಜಗದ್ಗುರು ಪೀಠವನ್ನೇರಿದುದು ಆ ದೃಷ್ಟಿಯಿಂದ ಉಲ್ಲೇಖನೀಯ. ಪಾಠ ಶಾಲೆಯ ಏಣಿ ದೊರೆಯದ ಕಡೆ ವಿಶ್ವವಿದ್ಯಾಲಯ ಒಂದು ಬಾಗಿಲನ್ನು ತೆರೆಯಿತು.

೭. ನೆರೆಯ ಪರಂಪರೆಗಳೊಡನೆ ಹೋಲಿಕೆ

ಪೂರ್ವ ವ್ಯಾಸಂಗದ ಮನ್ನಣೆ ಎಂಬ ಪ್ರಶ್ನೆಯನ್ನು ಇತರ ಧಾರ್ಮಿಕ ಪರಂಪರೆಗಳು ಹೇಗೆ ಬಿಡಿಸಿಕೊಂಡವು ಎಂಬುದನ್ನು ಕರ್ನಾಟಕದ ಎರಡು ನಿದರ್ಶನಗಳಿಂದ ನೋಡಬಹುದು. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನವರು 1847ರಲ್ಲಿ ಆರಂಭಿಸಿದ ದೈವಜ್ಞಾನ ಶಾಲೆಯ ಪರಂಪರೆಯಲ್ಲಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಷ್ಟು ಹಳೆಯದು. ಎರಡೂ ಸೆರಾಂಪುರದ ಸೆನೆಟಿಗೆ ಸಂಯೋಜಿತವಾದುದರಿಂದ ಮಂಗಳೂರಿನಲ್ಲಿ ಕನ್ನಡದ ನಡುವೆ ಓದಿದ ವಿದ್ಯಾರ್ಥಿ ಮೇಲಿನ ಹಂತಕ್ಕೆ ಬೆಂಗಳೂರಿಗೆ ಹೋದಾಗ ಅವನ ಪದವಿಯ ಬೆಲೆಯನ್ನು ಹೊಸದಾಗಿ ವಾದಿಸಿ ಸ್ಥಾಪಿಸಬೇಕಾಗಿಲ್ಲ. ಕಾಲೇಜುಗಳು ಹಲವು, ಪ್ರಮಾಣ ಒಂದು.

ಮತ್ತೊಂದು ನಿದರ್ಶನ ಮೈಸೂರು ಜಿಲ್ಲೆಯದೇ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದ ಮೇಲೆ, ಲ್ಹಾಸಾದ ಬಳಿಯ ಸೆರಾ ವಿಹಾರದ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ ಕೆಲವು ವರ್ಷ ಕಳೆದು, 1970ರ ಸುಮಾರಿಗೆ ಇಲ್ಲಿಗೆ ಬಂದು ತಮ್ಮ ವಿಹಾರವನ್ನು ಮತ್ತೆ ಕಟ್ಟಿದರು. ಇಲ್ಲಿ ವಿದ್ಯಾರ್ಥಿ ಕಾಲೇಜನ್ನು ಬದಲಿಸಲಿಲ್ಲ. ಕಾಲೇಜೇ ವಿದ್ಯಾರ್ಥಿಯೊಡನೆ ಸ್ಥಾನಾಂತರಗೊಂಡಿತು. ನಿಗದಿಯಾದ ಗ್ರಂಥಗಳು, ವಾದಪದ್ಧತಿ, ಗೆಶೆ ಪದವಿಯ ಹಂತಗಳು ಇವೆಲ್ಲ ಗುರುಗಳ ನೆನಪಿನಲ್ಲಿಯೂ ಗ್ರಂಥಗಳಲ್ಲಿಯೂ ಉಳಿದುಬಂದುದರಿಂದ ಟಿಬೆಟಿನಲ್ಲಿ ಓದಿದ ವರ್ಷಗಳು ಕಪಿಲಾ ಕಾವೇರಿಯರ ನಾಡಿನಲ್ಲಿಯೂ ಲೆಕ್ಕಕ್ಕೆ ಬಂದವು. ಪ್ರಮಾಣಪತ್ರಕ್ಕಿಂತ ಗುರುಪರಂಪರೆಯ ಅವಿಚ್ಛಿನ್ನತೆ ಮನ್ನಣೆಯನ್ನು ಕಾಪಾಡಬಲ್ಲದೆಂಬುದಕ್ಕೆ ಇದು ದೊಡ್ಡ ದೃಷ್ಟಾಂತ.

ಮೈಸೂರಿನ ಸಂಸ್ಕೃತ ಪಾಠಶಾಲೆಗಳಿಗೆ ಮಂಗಳೂರಿನ ಏಕಪ್ರಮಾಣವೂ ಇರಲಿಲ್ಲ, ಬೈಲಕುಪ್ಪೆಯ ಅಖಂಡ ಗುರುಪರಂಪರೆಯೂ ಎಲ್ಲರಿಗೆ ದೊರೆಯಲಿಲ್ಲ. ಇವೆರಡರ ನಡುವೆ ವಿದ್ಯಾರ್ಥಿ ಬಹುಕಾಲ ಸಿಕ್ಕಿಕೊಂಡಿದ್ದ.

೮. ಸಮಾನತೆಯ ಪ್ರಯತ್ನಗಳು

ಸ್ವಾತಂತ್ರ್ಯಾನಂತರ ಈ ಪ್ರಶ್ನೆ ರಾಷ್ಟ್ರಮಟ್ಟದ ಗಮನ ಸೆಳೆಯಿತು. ಸುನೀತಿಕುಮಾರ ಚಟರ್ಜಿಯವರ ಅಧ್ಯಕ್ಷತೆಯ ಸಂಸ್ಕೃತ ಆಯೋಗ 1957ರಲ್ಲಿ ಸಲ್ಲಿಸಿದ ವರದಿಯಲ್ಲಿ ಪಾಠಶಾಲಾ ಪದ್ಧತಿ ಮತ್ತು ವಿಶ್ವವಿದ್ಯಾಲಯ ಪದ್ಧತಿಗಳ ಸಂಬಂಧವನ್ನು ವಿಸ್ತಾರವಾಗಿ ಚರ್ಚಿಸಿತು. 1958ರಲ್ಲಿ ಕಾಶಿಯ ಹಳೆಯ ಸರ್ಕಾರಿ ಕಾಲೇಜು ಸಂಸ್ಕೃತ ವಿಶ್ವವಿದ್ಯಾಲಯವಾಯಿತು. ಇಂದು ಅದು ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ. 1970ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನ ಶೃಂಗೇರಿಯಲ್ಲಿಯೂ ತನ್ನ ಪರಿಸರವನ್ನು ತೆರೆಯಿತು. 2020ರಲ್ಲಿ ಆ ಸಂಸ್ಥಾನ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯವಾಯಿತು. ಕರ್ನಾಟಕದಲ್ಲಿ 2010ರಲ್ಲಿ ಕಾರ್ಯಾರಂಭಿಸಿದ ಸಂಸ್ಕೃತ ವಿಶ್ವವಿದ್ಯಾಲಯ ರಾಜ್ಯದ ಸಂಸ್ಕೃತ ಮಹಾವಿದ್ಯಾಲಯಗಳ ಉನ್ನತ ಶಿಕ್ಷಣಕ್ಕೆ ಒಂದು ವಿಶ್ವವಿದ್ಯಾಲಯದ ಆಸರೆಯನ್ನು ಒದಗಿಸಿತು. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಜಾರಿಗೆ ತಂದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳು ಒಂದು ಸಂಸ್ಥೆಯಲ್ಲಿ ಗಳಿಸಿದ ಓದಿನ ಅಂಶವನ್ನು ಮತ್ತೊಂದಕ್ಕೆ ಕೊಂಡೊಯ್ಯುವ ತತ್ತ್ವವನ್ನೇ ನೀತಿಯಾಗಿ ಅಂಗೀಕರಿಸಿವೆ. ನೂರೈವತ್ತು ವರ್ಷಗಳ ಹಿಂದೆ ಗುರು ನಾಲ್ಕು ಶ್ಲೋಕ ಹೇಳಿಸಿ ಮಾಡುತ್ತಿದ್ದ ನಿರ್ಣಯವನ್ನು ಈಗ ಅಂಕಗಳ ಲೆಕ್ಕಪತ್ರ ಮಾಡುತ್ತದೆ.

ಆದರೂ ಒಂದು ಅಂತರ ಉಳಿದಿದೆ. ಮಾನ್ಯತೆ ಪಡೆದ ಸಂಸ್ಥೆಗಳ ನಡುವಣ ಸಂಚಾರವನ್ನು ಈ ನಿಯಮಗಳು ಸುಗಮಗೊಳಿಸುತ್ತವೆ. ಮಠದ ಗುರುಕುಲದಲ್ಲಿ ಪ್ರಮಾಣಪತ್ರವಿಲ್ಲದೆ ಕಳೆದ ವರ್ಷಗಳು ಇಂದಿಗೂ ಅವುಗಳ ಹೊರಗೇ ಇವೆ. ವಚನಗಳನ್ನು ಸಾವಿರದ ಲೆಕ್ಕದಲ್ಲಿ ಕಂಠಸ್ಥ ಮಾಡಿದ ವಟು ಪದವಿ ಕಾಲೇಜಿನ ಬಾಗಿಲಲ್ಲಿ ಇನ್ನೂ ಹೊಸಬನೇ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸುತ್ತೂರು ಪರಿಸರದ ಧಾರ್ಮಿಕ ವಿದ್ಯಾರ್ಥಿಗೆ ಮೈಸೂರು, ಕಾಶಿ, ಶಿವಯೋಗಮಂದಿರ ಎಂಬ ಮೂರು ದಾರಿಗಳಲ್ಲಿ ಒಂದೊಂದಕ್ಕೂ ಒಂದೊಂದು ಕೊರತೆಯಿತ್ತು. ಮೈಸೂರಿನಲ್ಲಿ ಮನ್ನಣೆಯಿದ್ದು ಅನ್ನವಿರಲಿಲ್ಲ. ಕಾಶಿಯಲ್ಲಿ ಶಾಸ್ತ್ರವೂ ಅನ್ನವೂ ಇದ್ದು, ದೂರ, ಲಿಪಿ ಮತ್ತು ಪರೀಕ್ಷಾಭೇದಗಳ ತೊಡಕಿತ್ತು. ಶಿವಯೋಗಮಂದಿರದಲ್ಲಿ ಸ್ವಮತದ ವಿದ್ಯೆಯಿದ್ದು ಹೊರಜಗತ್ತಿನ ಮನ್ನಣೆಯಿರಲಿಲ್ಲ. ಎರಡನೆಯದು, 1941ರ ವಿದ್ಯಾರ್ಥಿನಿಲಯ ಈ ಮೂರರಲ್ಲಿ ಮೊದಲನೆಯ ಕೊರತೆಯನ್ನು ತುಂಬಿತು. ಅದನ್ನು ಕೇವಲ ದಾನಕಾರ್ಯವೆಂದು ನೋಡದೆ, ವಿದ್ಯಾರ್ಥಿಯ ಆಯ್ಕೆಯ ಸ್ವಾತಂತ್ರ್ಯವನ್ನು ಹಿಗ್ಗಿಸಿದ ಶೈಕ್ಷಣಿಕ ಘಟನೆಯೆಂದು ಪರಿಗಣಿಸುವುದು ಯುಕ್ತ.

ಮೂರನೆಯ ಅಂಶ ಚಿಂತನೆಗೆ ಎಡೆಮಾಡುವಂಥದು. ಆಯ್ಕೆ ಹಿಗ್ಗಿದಾಗ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸಿಕೊಂಡುದು ಧಾರ್ಮಿಕ ವಿದ್ಯೆಯನ್ನಲ್ಲ, ಲೌಕಿಕ ವಿದ್ಯೆಯನ್ನು. ಮಹಾವಿದ್ಯಾಪೀಠ 1963ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ 1984ರಲ್ಲಿ ವೈದ್ಯಕೀಯ ಕಾಲೇಜನ್ನೂ ಮೈಸೂರಿನಲ್ಲಿ ತೆರೆಯಿತು. 1986ರಲ್ಲಿ ರಾಜೇಂದ್ರ ಮಹಾಸ್ವಾಮಿಗಳು ಲಿಂಗೈಕ್ಯರಾಗುವ ವೇಳೆಗೆ ಅದರ ಮುಖ್ಯ ಹರಹು ಸಾಮಾನ್ಯ ಮತ್ತು ವೃತ್ತಿ ಶಿಕ್ಷಣದ್ದಾಗಿತ್ತು. ಇದನ್ನು ಧಾರ್ಮಿಕ ವಿದ್ಯೆಯ ಹಿನ್ನಡೆಯೆಂದು ಕರೆಯುವವರಿದ್ದಾರೆ. ಆದರೆ ಹಸಿವಿನ ಒತ್ತಾಯಕ್ಕಾಗಿ ಒಂದು ವಿದ್ಯೆಯಲ್ಲಿ ಉಳಿಯುವುದಕ್ಕಿಂತ, ಉಂಡು ಯೋಚಿಸಿ ಮತ್ತೊಂದನ್ನು ಆರಿಸುವುದು ಮೇಲು. ಧಾರ್ಮಿಕ ವಿದ್ಯೆಗೆ ಬರುವವರ ಸಂಖ್ಯೆ ಚಿಕ್ಕದಾದರೂ ಅವರು ಮನಃಪೂರ್ವಕವಾಗಿ ಬರುವಂತಾಗುವುದು ಆ ವಿದ್ಯೆಗೂ ಶ್ರೇಯಸ್ಕರ.

ಪಾಠಶಾಲೆಗಳ ಹಾಜರಿ ಪುಸ್ತಕಗಳು, ವಿದ್ಯಾರ್ಥಿನಿಲಯಗಳ ದಾಖಲಾತಿ ಕಡತಗಳು, ಮಠಗಳಲ್ಲಿ ಉಳಿದಿರುವ ಗುರುಗಳ ಶಿಫಾರಸು ಪತ್ರಗಳು ಇವೆಲ್ಲ ನಶಿಸುವ ಮುನ್ನ ಸಂಗ್ರಹಗೊಳ್ಳಬೇಕಾಗಿದೆ. ಯಾವ ಊರಿನ ಬಾಲಕ ಯಾವ ವರ್ಷ ಎಲ್ಲಿಂದ ಎಲ್ಲಿಗೆ ಹೋದ, ಎಷ್ಟು ವರ್ಷ ಉಳಿದ, ಏಕೆ ಬಿಟ್ಟ ಎಂಬ ವಿವರಗಳನ್ನು ಅವುಗಳಿಂದ ಹೆಕ್ಕಿ ಜೋಡಿಸಿದಾಗ, ಸಂಸ್ಥೆಗಳ ಚರಿತ್ರೆಯ ಪಕ್ಕದಲ್ಲಿ ವಿದ್ಯಾರ್ಥಿಗಳ ಚರಿತ್ರೆಯೂ ನಿಲ್ಲಬಲ್ಲದು. ಆ ಕಾರ್ಯಕ್ಕೆ ಕಪಿಲಾ ತೀರದ ಈ ಪ್ರದೇಶ ಯೋಗ್ಯವಾದ ಆರಂಭದ ನೆಲೆಯಾಗಿದೆ.